ಮೊದಲು ಮಾದರಿ ನೋಡಮ್ಮ

ಸಾಕು ಹಂದಿಗಳಲ್ಲಿನ ಸಾಲ್ಮೊನೆಲ್ಲಾ ಬಗ್ಗೆ ಬಂದ ಪೇಪರ್‌ಗಳನ್ನೆಲ್ಲ ಒಟ್ಟುಹಾಕಿ ಥೀಸಿಸ್ ಬರೆಯುತ್ತಿದ್ದೀಯಂತೆ. ಕೇಳಿ ಖುಷಿಯಾಯಿತಮ್ಮ. ಪೇಪರ್ ಹುಡುಕುವುದು, ಸೋಸುವುದು ಎಲ್ಲ ನಿನ್ನ ಗೈಡ್ ಹೇಳಿಕೊಟ್ಟಿರುತ್ತಾರೆ. ನನ್ನದು ಒಂದೇ ಮಾತು: ಶೇಕಡಾವಾರು ಕಂಡ ಕೂಡಲೇ ಕೂಡಲು ಹೋಗಬೇಡ.

ಐರೋಪ್ಯ ಒಕ್ಕೂಟ 2006-07ರಲ್ಲಿ ಕಸಾಯಿಖಾನೆಗೆ ಬಂದ ಹಂದಿಗಳ ಸಮೀಕ್ಷೆ ಮಾಡಿದಾಗ ಶೇ. 10.3ರಷ್ಟರಲ್ಲಿ ಸಾಲ್ಮೊನೆಲ್ಲಾ ಸಿಕ್ಕಿತು. ಅದು ಕರುಳಿನ ಪಕ್ಕದ ದುಗ್ಧಗ್ರಂಥಿಗಳ ಲೆಕ್ಕ. ಡೆನ್ಮಾರ್ಕಿನವರು 1995ರಲ್ಲಿ ಶುರುಮಾಡಿದ ನಿಯಂತ್ರಣ ಕಾರ್ಯಕ್ರಮದಲ್ಲಿ ಹುಡುಕಿದ್ದು ಬೇರೆಯದನ್ನೇ. ಮಾಂಸದ ತುಣುಕನ್ನು ಫ್ರೀಜ್ ಮಾಡಿ ಕರಗಿಸಿದರೆ ಇಳಿಯುವ ರಸವಿದೆಯಲ್ಲ, ಅದರಲ್ಲಿರುವ ಪ್ರತಿಕಾಯಗಳನ್ನು. ಪ್ರತಿಕಾಯ ಇದೆ ಎಂದರೆ ಹಿಂದೆಂದೋ ಸೋಂಕು ತಗುಲಿತ್ತು ಅಂತ. ಇವತ್ತು ಆ ಹಂದಿಯ ಮಲದಲ್ಲಿ ಬ್ಯಾಕ್ಟೀರಿಯಾ ಇಲ್ಲದಿರಬಹುದು. ನಿನ್ನೆ ಸೋಂಕು ತಗುಲಿದ ಹಂದಿಯಲ್ಲಾದರೋ ಪ್ರತಿಕಾಯ ಇನ್ನೂ ಹುಟ್ಟಿರುವುದೇ ಇಲ್ಲ. ಬ್ಯಾಕ್ಟೀರಿಯಾದ ಲೆಕ್ಕವನ್ನೂ ಪ್ರತಿಕಾಯದ ಲೆಕ್ಕವನ್ನೂ ಸೇರಿಸಿ ಸರಾಸರಿ ತೆಗೆದರೆ ಅದು ಯಾವ ಹಂದಿಯದೂ ಆಗುವುದಿಲ್ಲ.

ಮಲದ ಮಾದರಿಗಳಷ್ಟನ್ನೇ ಆರಿಸಿಕೊಂಡರೂ ಪಾರಾದೆ ಅಂದುಕೊಳ್ಳಬೇಡ. ಸ್ವ್ಯಾಬ್‌ಗೆ ಅಂಟಿದ ಚೂರಿನಲ್ಲಿ ಸಿಗದ್ದು 25 ಗ್ರಾಂನಲ್ಲಿ ಸಿಕ್ಕೀತು. ಸೋಂಕು ಹೊತ್ತ ಹಂದಿ ದಿನಾಲೂ ಅದನ್ನು ಹೊರಹಾಕುವುದೂ ಇಲ್ಲ. ಲಾರಿಯಲ್ಲಿ ಕುಲುಕಿಸಿಕೊಂಡು ಬಂದು, ಕಸಾಯಿಖಾನೆಯ ದೊಡ್ಡಿಯಲ್ಲಿ ಗುರುತಿಲ್ಲದ ಹಂದಿಗಳ ನಡುವೆ ನಿಂತಾಗ ಹೊರಬೀಳುವುದು ಹೆಚ್ಚು. ಆ ದೊಡ್ಡಿಯ ಕೊಳಕು ನೆಲದಿಂದಲೇ ಕೆಲವು ಗಂಟೆಗಳಲ್ಲಿ ಹೊಸ ಸೋಂಕೂ ಅಂಟುತ್ತದೆ. ಅಲ್ಲಿ ತೆಗೆದ ಮಾದರಿಯನ್ನು ನೋಡಿ ಫಾರಂ ಮಾಲೀಕನನ್ನು ಬೈದರೆ ಅನ್ಯಾಯ.

ಮಾದರಿ ಎಲ್ಲಿಂದ ತೆಗೆದದ್ದು ಎಂಬುದು ಎಷ್ಟು ಮುಖ್ಯ ಎನ್ನುವುದಕ್ಕೆ ಯೆರ್ಸಿನಿಯಾ ಎಂಬ ಇನ್ನೊಂದು ಬ್ಯಾಕ್ಟೀರಿಯಾವನ್ನು ನೋಡು, ಅದರ ಬಿಡಾರ ಹಂದಿಯ ಟಾನ್ಸಿಲ್. ಬರೀ ಮಲ ನೋಡಿ ‘ಇಲ್ಲ’ ಎಂದವರ ಮಾತನ್ನು ಅಷ್ಟಕ್ಕೆ ಅಷ್ಟೇ ನಂಬು.

ಇನ್ನೊಂದು. ಒಂದೇ ಅಂಕಣದ ಮೂವತ್ತು ಹಂದಿಗಳು ಮೂವತ್ತು ಸಾಕ್ಷಿಗಳಲ್ಲ, ಎಲ್ಲವೂ ಒಂದೇ ತೊಟ್ಟಿಯ ನೀರು ಕುಡಿದವು. ಫಾರಂಗಳು ಎಷ್ಟು ಎಂಬುದನ್ನು ಬೇರೆಯಾಗಿ ಬರೆದುಕೋ. ಅಧ್ಯಯನ ಯಾವ ಬಗೆಯದು ಎಂಬುದನ್ನೂ ನೋಡು. ಪೆಲೆಟ್ ತಿಂದ ಹಂದಿಗಳಲ್ಲಿ ಸಾಲ್ಮೊನೆಲ್ಲಾ ಹೆಚ್ಚು, ಒರಟಾಗಿ ಬೀಸಿದ ಆಹಾರ ತಿಂದವುಗಳಲ್ಲಿ ಕಡಿಮೆ ಎಂದು ಹಲವು ಪೇಪರ್‌ಗಳು ಹೇಳುತ್ತವೆ. ನನಗೂ ಅದು ನಿಜವೆನಿಸುತ್ತದೆ. ಆದರೂ ಇರುವ ಫಾರಂಗಳನ್ನು ಸುತ್ತಿ ಬರೆದವನ್ನು ಒಂದು ಕಡೆ, ಚೀಟಿ ಎತ್ತಿ ಆಹಾರ ಹಂಚಿ ನೋಡಿದ ಪ್ರಯೋಗಗಳನ್ನು ಇನ್ನೊಂದು ಕಡೆ ಇಡು.

ನಿನ್ನ ಕೋಷ್ಟಕದಲ್ಲಿ ಮಾದರಿಯ ಕಾಲಂ ಎಲ್ಲೆಲ್ಲಿ ಖಾಲಿ ಉಳಿಯುತ್ತದೋ ಆ ಲೇಖಕರಿಗೆ ಒಂದು ಇಮೇಲ್ ಹಾಕು. ಸಂಕೋಚ ಬೇಡ, ತಮ್ಮ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ವಿಜ್ಞಾನಿಗಳಿಗೆ ಖುಷಿಯೇ.