ಒಂದು ಗಂಟೆಯ ಪಾಲು

ಪೀಣ್ಯದಲ್ಲಿ ಸಿಎನ್‌ಸಿ ಮಷಿನ್ ನಡೆಸುವವನ ಭಾನುವಾರಕ್ಕೆ ಬೆಲೆ ಇದೆ. ಕಾನೂನಿನ ಪ್ರಕಾರ ಓಟಿಗೆ ಮಾಮೂಲಿ ಕೂಲಿಯ ಎರಡು ಪಟ್ಟು ಕೊಡಬೇಕು. ತಿಂಗಳಿಗೆ 20,800 ರೂಪಾಯಿ ಸಂಬಳ ಎಂದುಕೊಳ್ಳಿ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 800, ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 100. ಭಾನುವಾರ ಕೆಲಸಕ್ಕೆ ಬಂದರೆ ಗಂಟೆಗೆ 200, ಇಡೀ ದಿನಕ್ಕೆ 1,600. ಅಂಥವನನ್ನು ‘ಬಾರೋ, ಭಾನುವಾರ ಶ್ರೀರಂಗಪಟ್ಟಣ ನೋಡ್ಕೊಂಡು ಬರೋಣ’ ಎಂದು ಕರೆದರೆ ಅವನು ಹೊಸ್ತಿಲು ದಾಟುವ ಮೊದಲೇ 1,600 ರೂಪಾಯಿ ಕೈಬಿಟ್ಟಿರುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಗೆಳೆಯನಿಗೆ ಅದೇ ಭಾನುವಾರ ಸಂಬಳದೊಳಗೇ ಸೇರಿದ ರಜೆ. ಮನೆಯಲ್ಲಿ ಮಲಗಿದ್ದರೂ ಅಷ್ಟೇ, ಊರು ಸುತ್ತಿದರೂ ಅಷ್ಟೇ.

ನಾವು ನಾಲ್ವರು ತಿಪಟೂರಿನಲ್ಲಿ ಒಟ್ಟಿಗೆ ಪಿಯುಸಿ ಓದಿದವರು. ಒಬ್ಬ ಐಟಿಐ ಮುಗಿಸಿ ಪೀಣ್ಯ ಸೇರಿದ, ಒಬ್ಬ ಎಂಜಿನಿಯರಿಂಗ್ ಮಾಡಿ ಎಲೆಕ್ಟ್ರಾನಿಕ್ ಸಿಟಿಗೆ ಹೋದ. ಗೆಳತಿ ವೈಟ್‌ಫೀಲ್ಡ್ ಕಡೆಯ ಆಸ್ಪತ್ರೆಯೊಂದರ ಲ್ಯಾಬ್ ಟೆಕ್ನಿಷಿಯನ್. ನಾನು ಪೀಣ್ಯದಲ್ಲೇ ಸಣ್ಣ ಕಾರ್ಖಾನೆಯೊಂದರ ಅಕೌಂಟ್ಸ್ ನೋಡುತ್ತೇನೆ. ಒಂದೇ ಬೆಂಗಳೂರಿನ ಮೂರು ಅಂಚುಗಳಲ್ಲಿ ಬದುಕುವ ನಾವು ಒಟ್ಟಿಗೆ ಸೇರಬೇಕಾದರೆ ಪ್ರವಾಸವೇ ದಾರಿ. ಬರಬರುತ್ತ ಪೀಣ್ಯದ ಗೆಳೆಯ ಬರುವುದು ಕಡಿಮೆಯಾಯಿತು. ‘ಮನೇಲಿ ಸ್ವಲ್ಪ ಕೆಲ್ಸ ಇದೆ ಕಣ್ರೋ’, ‘ಮಗೂಗೆ ಹುಷಾರಿಲ್ಲ’ ಎನ್ನುತ್ತಿದ್ದ. ಕಾರಣ ನಮಗೆಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಕಾರಿನ ಪೆಟ್ರೋಲು, ಟೋಲು, ಹೆದ್ದಾರಿ ಹೋಟೆಲಿನ ಊಟ ಎಲ್ಲವನ್ನೂ ಕೂಡಿಸಿ ನಾಲ್ಕರಿಂದ ಭಾಗಿಸಿ ರಾತ್ರಿ ಫೋನಿಗೆ ಬರುತ್ತಿದ್ದ ಮೆಸೇಜೇ ಆ ಕಾರಣ. ಮೊಸರನ್ನ ತಿಂದವನೂ ಬಿರಿಯಾನಿಯ ಪಾಲು ಕೊಡಬೇಕಾಗಿತ್ತು.

ಉಪಾಯ ಹೇಳಿದವಳು ಗೆಳತಿ. ‘ಹೋಗಿ ಬಂದ್ಮೇಲೆ ಹಂಚೋದು ಬೇಡ, ಮೊದ್ಲೇ ಕೂಡಿಡೋಣ. ಎಲ್ರೂ ಒಂದೇ ಸಮ ಹಾಕೋಣ, ಆದ್ರೆ ದುಡ್ಡಿನ ಲೆಕ್ಕದಲ್ಲಿ ಬೇಡ, ಗಂಟೆ ಲೆಕ್ಕದಲ್ಲಿ. ತಿಂಗಳಿಗೆ ಒಂದು ಗಂಟೆ ದುಡಿದಿದ್ದು ಈ ಡಬ್ಬಿಗೆ’ ಎಂದಳು.

ಗೆಳೆಯರ ಸಂಬಳವನ್ನು ಪತ್ರಿಕೆಯಲ್ಲಿ ಬರೆಯುವುದು ಸರಿಯಲ್ಲ, ಲೆಕ್ಕಕ್ಕೆ ಸುಲಭವಾದ ಅಂಕಿ ಇಡುತ್ತೇನೆ. ಒಬ್ಬನ ಗಂಟೆ 100 ರೂಪಾಯಿ, ಒಬ್ಬಳದು 150, ಇನ್ನೊಬ್ಬನದು 200, ಸಾಫ್ಟ್‌ವೇರಿನವನದು 500. ಕೂಡಿಸಿದರೆ ತಿಂಗಳಿಗೆ 950. ಆರು ತಿಂಗಳಿಗೆ 5,700. ನಾಲ್ವರು ಒಂದು ದಿನ ಚೆನ್ನಾಗಿ ಹೋಗಿಬರಲು ಇದು ಧಾರಾಳ. ಅದೇ 5,700ನ್ನು ತಲೆಗೆ ಸಮನಾಗಿ ಹಂಚಿದ್ದರೆ ಒಬ್ಬೊಬ್ಬರಿಗೆ 1,425 ಬೀಳುತ್ತಿತ್ತು. ಗಂಟೆಗೆ 100 ದುಡಿಯುವವನಿಗೆ ಅದು ಹದಿನಾಲ್ಕು ಗಂಟೆಗೂ ಮೇಲಿನ ದುಡಿಮೆ, 500 ದುಡಿಯುವವನಿಗೆ ಮೂರು ಗಂಟೆಯೂ ಇಲ್ಲ. ಈಗ ಇಬ್ಬರೂ ಆರಾರು ಗಂಟೆ ಹಾಕುತ್ತಾರೆ. ಯಾರೂ ಯಾರ ಖರ್ಚನ್ನೂ ‘ನೋಡಿಕೊಳ್ಳುತ್ತಿಲ್ಲ’. ಪೀಣ್ಯದ ಗೆಳೆಯ ಒಪ್ಪಿದ್ದು ಈ ಒಂದು ಕಾರಣಕ್ಕೆ. ‘ನಿಂದು ನಾನ್ ಕೊಡ್ತೀನಿ ಬಿಡೋ’ ಎಂದು ಯಾರಾದರೂ ಹೇಳಿದ್ದರೆ ಅವನು ಇನ್ನೊಮ್ಮೆ ಬರುತ್ತಿರಲಿಲ್ಲ.

ಇದು ಚೀಟಿಯಲ್ಲ. ಕೂಗು ಇಲ್ಲ, ಬಡ್ಡಿ ಇಲ್ಲ. ನನ್ನ ಹೆಸರಿನಲ್ಲಿ ಬೇರೆಯದೇ ಒಂದು ಉಳಿತಾಯ ಖಾತೆ ತೆರೆದಿದ್ದೇನೆ. ಸಂಬಳದ ಖಾತೆಯಲ್ಲಿ ಇಟ್ಟರೆ ಇಎಂಐ ಬಂದು ಮೊದಲು ಅದಕ್ಕೇ ಕೈಹಾಕುತ್ತದೆ. ಪ್ರತಿ ತಿಂಗಳ ಹತ್ತನೇ ತಾರೀಕು ಪಾಸ್‌ಬುಕ್ಕಿನ ಫೋಟೊ ಗ್ರೂಪಿಗೆ ಹೋಗುತ್ತದೆ. ಹತ್ತು ಏಕೆಂದರೆ ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಸಂಬಳ ಒಂದನೇ ತಾರೀಕಿಗೇ ಆಗುತ್ತದೆ ಎಂಬ ಭರವಸೆಯಿಲ್ಲ. ಹೋಗುವ ದಿನವನ್ನೂ ಸಾಫ್ಟ್‌ವೇರಿನವನ ಕ್ಯಾಲೆಂಡರ್ ನೋಡಿ ಗೊತ್ತುಮಾಡುವುದಿಲ್ಲ. ತಿಂಗಳ ಕೊನೆಯಲ್ಲಿ ಡಿಸ್ಪ್ಯಾಚ್ ಒತ್ತಡ, ಆಗ ಭಾನುವಾರದ ಓಟಿ ಖಚಿತ. ತಿಂಗಳ ಮೊದಲ ಭಾನುವಾರ ಮಷಿನ್‌ಗಳು ಸಾಮಾನ್ಯವಾಗಿ ನಿಂತಿರುತ್ತವೆ. ಹಾಗಾಗಿ ಮೊದಲ ಭಾನುವಾರವೇ ನಮ್ಮ ದಿನ. ಗೆಳತಿ ಅದಕ್ಕೆ ತಕ್ಕಂತೆ ಶಿಫ್ಟ್ ಬದಲಿಸಿಕೊಳ್ಳುತ್ತಾಳೆ. ದಿನವನ್ನು ಸರಿಯಾಗಿ ಆರಿಸಿಕೊಂಡರೆ ಅಷ್ಟರಲ್ಲೇ 1,600 ಉಳಿಯಿತು, ಇದಕ್ಕಿಂತ ದೊಡ್ಡ ರಿಯಾಯಿತಿಯನ್ನು ಯಾವ ಕೂಪನ್ನೂ ಕೊಡಲಾರದು.

ಡಬ್ಬಿಯ ದುಡ್ಡಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೊರಟಾಗ ಕಾರು ಬೇಡವೆಂದು ತೀರ್ಮಾನಿಸಿದ್ದೂ ಲೆಕ್ಕ ಹಾಕಿಯೇ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು, ಅದೇ ತಿಂಗಳಿಂದ ಟೋಲು ಶುರುವಾಯಿತು. ಶ್ರೀರಂಗಪಟ್ಟಣಕ್ಕೆ ಸ್ವಲ್ಪ ಮುಂಚೆ ಗಣಂಗೂರಿನಲ್ಲಿ ಎರಡನೆಯ ಟೋಲು. ಅದೇ ವರ್ಷದ ಆಗಸ್ಟ್‌ನಿಂದ ಮುಖ್ಯ ರಸ್ತೆಗೆ ಬೈಕ್, ಆಟೊ ಬಿಡುತ್ತಿಲ್ಲ. ಪೀಣ್ಯದ ಗೆಳೆಯನ ಹತ್ತಿರ ಇರುವುದು ಬೈಕು, ಅವನು ಸರ್ವಿಸ್ ರಸ್ತೆಯಲ್ಲಿ ಸಾಗಬೇಕು. ವೈಟ್‌ಫೀಲ್ಡಿನಿಂದ ಕಾರು ಹೊರಟರೆ ಆ ಹೆದ್ದಾರಿ ಮುಟ್ಟುವುದೇ ಒಂದು ಪ್ರಯಾಣ. ಹೋಗಿಬರಲು 300 ಕಿಲೊಮೀಟರ್, ಲೀಟರಿಗೆ 15 ಕಿಲೊಮೀಟರ್ ಓಡಿದರೆ 20 ಲೀಟರ್ ಪೆಟ್ರೋಲು, ಲೀಟರಿನ ಬೆಲೆ 100 ರೂಪಾಯಿ ದಾಟಿ ಎಷ್ಟೋ ಕಾಲವಾಯಿತು. ಅಲ್ಲಿಗೆ 2,000, ಟೋಲು ಬೇರೆ. ಇಷ್ಟೆಲ್ಲ ಆಗಿ ಸ್ಟಿಯರಿಂಗ್ ಹಿಡಿದವನಿಗೆ ದಾರಿಯುದ್ದ ಮಾತು ತಪ್ಪುತ್ತದೆ.

ರೈಲಿನಲ್ಲಿ ಕಾದಿರಿಸದ ಟಿಕೆಟ್ ಹೋಗಲು ನೂರು ರೂಪಾಯಿಯನ್ನೂ ದಾಟುವುದಿಲ್ಲ. ಮೂರು ದಿಕ್ಕಿನವರು ಮೆಜೆಸ್ಟಿಕ್ಕಿಗೆ ಬಂದು ಸೇರಲು ಈಗ ಮೆಟ್ರೊ ಇದೆ. ಪೀಣ್ಯಕ್ಕೆ 2014ರಲ್ಲೇ ಹಸಿರು ಮಾರ್ಗ ಬಂತು, ವೈಟ್‌ಫೀಲ್ಡಿನಿಂದ ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಪೂರ್ತಿಯಾಯಿತು. ಎಲೆಕ್ಟ್ರಾನಿಕ್ ಸಿಟಿಯವರು ಮಾತ್ರ 2025ರ ಆಗಸ್ಟ್‌ವರೆಗೆ ಕಾದರು. ಈಗ ಹಳದಿ ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಬಂದು ಹಸಿರಿಗೆ ಬದಲಾಯಿಸಿಕೊಂಡರೆ ಮೆಜೆಸ್ಟಿಕ್. ಆದರೆ 2025ರ ಫೆಬ್ರವರಿಯಲ್ಲಿ ಮೆಟ್ರೊ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದ್ದು ನಮ್ಮಂಥವರಿಗೆ ಸಣ್ಣ ಹೊಡೆತವಲ್ಲ. ವೈಟ್‌ಫೀಲ್ಡಿನಿಂದ ಮೆಜೆಸ್ಟಿಕ್ಕಿಗೆ ಬರಲು ತೆರುವುದೂ ಅಲ್ಲಿಂದ ಕಾವೇರಿ ದಾಟಲು ತೆರುವುದೂ ಹೆಚ್ಚುಕಡಿಮೆ ಒಂದೇ ಎಂದರೆ ನಗರದೊಳಗಿನ ಓಡಾಟ ಎಷ್ಟು ದುಬಾರಿಯಾಗಿದೆ ನೋಡಿ. ಹೊರಡುವವರಿಗೆ ಇನ್ನೊಂದು ಮಾತು: ಭಾನುವಾರ ಮೆಟ್ರೊ ಓಡುವುದು ಬೆಳಿಗ್ಗೆ ಏಳರಿಂದ. ನಗರದ ಅಂಚಿನವರಿಗೆ ಅದಕ್ಕೂ ಮುಂಚಿನ ರೈಲು ಸಿಗುವುದಿಲ್ಲ. ಎಲ್ಲ ರೈಲೂ ಶ್ರೀರಂಗಪಟ್ಟಣದಲ್ಲಿ ನಿಲ್ಲುವುದಿಲ್ಲ, ನಿಲ್ಲುವುದನ್ನೇ ನೋಡಿಕೊಂಡು ಹತ್ತಬೇಕು. ಗೆಳತಿಗೆ ಶಕ್ತಿ ಯೋಜನೆಯ ಬಸ್ಸು ಪುಕ್ಕಟೆ, ಆದರೂ ಎದುರುಬದುರು ಕೂತು ಮಾತಾಡಿಕೊಂಡು ಹೋಗಲು ರೈಲೇ ಸರಿ ಎಂದವಳೂ ಅವಳೇ. ಮದ್ದೂರು ಬಂದಾಗ ವಡೆ ತೆಗೆದುಕೊಂಡೆವು. ಅದರ ದುಡ್ಡೂ ಡಬ್ಬಿಯದೇ.

ಶ್ರೀರಂಗಪಟ್ಟಣದಲ್ಲಿ ನೋಡುವುದಕ್ಕೆ ಕಾಸು ಕಡಿಮೆ ಸಾಕು. ಪುರಾತತ್ವ ಇಲಾಖೆಯ ಟಿಕೆಟ್ ಇರುವುದು ದರಿಯಾ ದೌಲತ್‌ಗೆ, ಭಾರತೀಯರಿಗೆ 25 ರೂಪಾಯಿ, ಆನ್‌ಲೈನ್ ಆದರೆ 20. ಕೋಟೆ, ಟಿಪ್ಪು ಬಿದ್ದ ಜಾಗದ ಕಲ್ಲು, ಕರ್ನಲ್ ಬೇಲಿಯ ಹೆಸರಿನ ಸೆರೆಮನೆ, ಪೂರ್ಣಯ್ಯನವರ ಕಾಲದಲ್ಲಿ 1804ರಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆ, ಇದಕ್ಕೆಲ್ಲ ಏನೂ ಕೊಡಬೇಕಿಲ್ಲ. ರೈಲ್ವೆ ನಿಲ್ದಾಣದ ಬಳಿ ಟಿಪ್ಪುವಿನ ಶಸ್ತ್ರಾಗಾರವಿದೆ. ಜೋಡಿ ಹಳಿ ಹಾಕಲು ಅದು ಅಡ್ಡ ಬಂದಾಗ ಒಡೆಯದೆ, ಸಾವಿರ ಟನ್ನಿನಷ್ಟು ಭಾರದ ಆ ಕಟ್ಟಡವನ್ನು 2017ರಲ್ಲಿ ಜಾಕ್ ಕೊಟ್ಟು ಎತ್ತಿ ಪಕ್ಕಕ್ಕೆ ಸರಿಸಿದರು. ಪೀಣ್ಯದ ಗೆಳೆಯ ಬಹಳ ಹೊತ್ತು ನಿಂತದ್ದು ಅದರ ಮುಂದೆಯೇ. ಹೈಡ್ರಾಲಿಕ್ ಒತ್ತಡ ಎಲ್ಲ ಮೂಲೆಗೂ ಒಂದೇ ಸಮ ಬೀಳದಿದ್ದರೆ ಗೋಡೆ ಹೇಗೆ ಸೀಳುತ್ತಿತ್ತು ಎಂದು ಬೆರಳಲ್ಲಿ ಗಾಳಿಯಲ್ಲಿ ಬರೆದು ತೋರಿಸಿದ. ಯಾವ ಗೈಡೂ ಹಾಗೆ ಹೇಳಲಾರ.

ಹಾಗೆಂದು ಗೈಡ್ ಬೇಡ ಎನ್ನುವವನಲ್ಲ ನಾನು. ದರಿಯಾ ದೌಲತ್ ಟಿಪ್ಪು 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ. ಅದರ ಪಡುವಣ ಗೋಡೆಯ ತುಂಬ 1780ರ ಪೊಳ್ಳಿಲೂರು ಕಾಳಗದ ಚಿತ್ರ. ತಿಳಿದವರು ಪಕ್ಕದಲ್ಲಿಲ್ಲದಿದ್ದರೆ ಅದು ಕುದುರೆಗಳ ಜಾತ್ರೆಯ ಹಾಗೆ ಕಂಡು ಹಿಂದೆ ಸರಿದುಬಿಡುತ್ತದೆ. ಗೈಡ್ ಬೆರಳು ಮಾಡಿ ತೋರಿಸಿದಾಗ ಕಂಡಿತು: ಕೆಂಪಂಗಿಯ ಇಂಗ್ಲಿಷ್ ಸೈನಿಕರು ನಾಲ್ಕೂ ಕಡೆ ಗೋಡೆಯಾಗಿ ನಿಂತಿದ್ದಾರೆ, ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಅವರ ಕರ್ನಲ್ ಬೇಲಿ, ಹತ್ತಿರದಲ್ಲೇ ಮದ್ದಿನ ಬಂಡಿ ಸಿಡಿಯುತ್ತಿದೆ. ದಿನದ ಖರ್ಚಿನಲ್ಲಿ ಚೌಕಾಸಿ ಮಾಡಬಾರದ ಎರಡು ಬಾಬತ್ತು ಎಂದರೆ ಗೈಡ್ ಮತ್ತು ಆಟೊ. ಎಲ್ಲೆಲ್ಲಿಗೆ, ಎಷ್ಟು ಹೊತ್ತು ಎಂದು ಹತ್ತುವ ಮೊದಲೇ ಮಾತಾಡಿಕೊಳ್ಳಿ, ಆಡಿದ್ದನ್ನು ಪೂರ್ತಿ ಕೊಡಿ. ಅವರದೂ ಗಂಟೆಯ ದುಡಿಮೆಯೇ.

ಹಣದ ಅಂಕಣ ಬರೆಯುವವನಿಗೆ ಶ್ರೀರಂಗಪಟ್ಟಣಕ್ಕಿಂತ ದೊಡ್ಡ ಪಾಠಶಾಲೆ ಇನ್ನೊಂದಿಲ್ಲ. ಯುದ್ಧ ಸೋತು ಮಾಡಿಕೊಂಡ 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು 3 ಕೋಟಿ 30 ಲಕ್ಷ ರೂಪಾಯಿ ದಂಡಕ್ಕೆ ಒಪ್ಪಬೇಕಾಯಿತು, ತೀರುವವರೆಗೆ ಇಬ್ಬರು ಗಂಡುಮಕ್ಕಳು ಇಂಗ್ಲಿಷರ ಒತ್ತೆ. 1794ರಲ್ಲಿ ಅವರನ್ನು ಬಿಡಿಸಿಕೊಂಡ. ಐದು ವರ್ಷ ಕಳೆದು, 1799ರ ಮೇ 4ರಂದು ಕೋಟೆ ಬಿತ್ತು. ಆಮೇಲೆ ನಡೆದದ್ದು ಹಂಚಿಕೆ. ಸಿಕ್ಕಿದ್ದನ್ನೆಲ್ಲ ಪಟ್ಟಿಮಾಡಿ ದರ್ಜೆಗೆ ತಕ್ಕಂತೆ ಪಾಲು ಹಾಕಿದರು. ಸೇನಾಪತಿ ಹ್ಯಾರಿಸ್‌ಗೆ 1,42,902 ಪೌಂಡ್, ಸಾಮಾನ್ಯ ಇಂಗ್ಲಿಷ್ ಸಿಪಾಯಿಗೆ 7 ಪೌಂಡ್, ಅದೇ ಸೇನೆಯಲ್ಲಿದ್ದ ಭಾರತೀಯ ಸಿಪಾಯಿಗೆ ಅದಕ್ಕಿಂತಲೂ ಕಡಿಮೆ. ಏಣಿ ಹಿಡಿದು ಗೋಡೆ ಹತ್ತಿದವನಿಗೂ ಡೇರೆಯಲ್ಲಿ ನಕ್ಷೆ ನೋಡುತ್ತಿದ್ದವನಿಗೂ ಇಪ್ಪತ್ತು ಸಾವಿರ ಪಟ್ಟಿನ ಅಂತರ. ಪಾಲು ಮಾಡಲು ಅನುಕೂಲವಾಗಲಿ ಎಂದು ಚಿನ್ನದ ತಗಡು ಹೊದಿಸಿದ ಸಿಂಹಾಸನವನ್ನೇ ಒಡೆದು ತುಂಡು ಮಾಡಿದರು. ಅದರ ಹುಲಿಯ ತಲೆ, ಹುಮಾ ಹಕ್ಕಿ ಈಗ ಇಂಗ್ಲೆಂಡಿನ ಅರಸು ಮನೆತನದ ಸಂಗ್ರಹದಲ್ಲಿವೆ. ಸಿಂಹಾಸನ ಇಡಿಯಾಗಿ ಎಲ್ಲೂ ಉಳಿದಿಲ್ಲ.

ಈ ಕಥೆ ಕೇಳುತ್ತ ಕೇಳುತ್ತ ನನಗೆ ಪೀಣ್ಯ ಕಾಡಿತು. ಮಷಿನ್ ಮುಂದೆ ನಿಂತವನ ಗಂಟೆಗೂ ಕ್ಯಾಬಿನ್ನಿನಲ್ಲಿ ಕೂತವನ ಗಂಟೆಗೂ ಇರುವ ಅಂತರವನ್ನು ನಾನು ಪ್ರತಿ ತಿಂಗಳೂ ಸಂಬಳದ ಶೀಟಿನಲ್ಲಿ ನೋಡುತ್ತೇನೆ. ಅದನ್ನು ಸರಿಪಡಿಸುವುದು ನಾಲ್ವರು ಗೆಳೆಯರಿಂದ ಆಗುವ ಕೆಲಸವಲ್ಲ. ಆದರೆ ಆ ಅಂತರವನ್ನು ನಮ್ಮ ಊಟದ ಎಲೆಯ ತನಕ ತರಬೇಕೋ ಬೇಡವೋ ಎಂಬುದು ನಮ್ಮ ಕೈಯಲ್ಲೇ ಇದೆ.

ಲೆಕ್ಕಕ್ಕೆ ಬರುತ್ತೇನೆ. ಮೆಟ್ರೊ, ರೈಲು, ದ್ವೀಪ ಸುತ್ತಿದ ಆಟೊ, ಗೈಡ್, ಟಿಕೆಟ್, ಊಟ, ಕಾಫಿ, ವಡೆ ಎಲ್ಲ ಸೇರಿ 4,000 ದಾಟಲಿಲ್ಲ. ಉಳಿದದ್ದು ಖಾತೆಯಲ್ಲೇ ಇದೆ. ಒಂದು ಪ್ರಶ್ನೆ ಮಾತ್ರ ಆಗ ಇತ್ಯರ್ಥವಾಗಿರಲಿಲ್ಲ: ಯಾರದಾದರೂ ಕೆಲಸ ಹೋದರೆ? ಐಟಿ ಕಂಪನಿಗಳಲ್ಲಿ ಈಚೆಗೆ ಆ ಭಯ ಪೀಣ್ಯಕ್ಕಿಂತ ಹೆಚ್ಚೇ ಇದೆ. ಹೆಚ್ಚು ಹಾಕುವವನದೇ ಹೋದರೆ ಡಬ್ಬಿಯ ಅರ್ಧಕ್ಕೂ ಮೇಲೆ ಖಾಲಿ. ವಾಪಸಾಗುವಾಗ ರೈಲಿನಲ್ಲಿ ಇದನ್ನೂ ಮಾತಾಡಿ ಮುಗಿಸಿದೆವು. ಕೆಲಸವಿಲ್ಲದವನ ಗಂಟೆಯನ್ನು ಸೊನ್ನೆ ಎಂದು ಬರೆದುಕೊಳ್ಳುವುದು, ಬಾಕಿ ಎಂದಲ್ಲ. ಕೆಲಸ ಸಿಕ್ಕ ತಿಂಗಳಿಂದ ಮತ್ತೆ ಶುರು. ಡಬ್ಬಿ ಸಣ್ಣದಾದರೆ ಪ್ರವಾಸ ಹತ್ತಿರದ ಊರಿಗೆ, ಶಿವಗಂಗೆಯೋ ದೇವರಾಯನದುರ್ಗವೋ.

ಸದ್ಯಕ್ಕೆ ಹಾಗಾಗಿಲ್ಲ. ಮುಂದಿನದು ಚಿತ್ರದುರ್ಗ ಎಂದು ಗೊತ್ತಾಗಿದೆ. ಅಲ್ಲಿಗೆ 200 ಕಿಲೊಮೀಟರ್, ಬೆಳಗಿನ ಜಾವವೇ ಬಸ್ಸು ಹತ್ತಬೇಕು, ಭಾನುವಾರದ ಮೆಟ್ರೊ ನೆಚ್ಚಿಕೊಳ್ಳುವಂತಿಲ್ಲ. ತುಮಕೂರು ರಸ್ತೆಯ ಬಸ್ಸುಗಳು ಪೀಣ್ಯದ ಮೇಲೆಯೇ ಹೋಗುವುದರಿಂದ ಎಲ್ಲರೂ ಶನಿವಾರ ರಾತ್ರಿಯೇ ದಾಸರಹಳ್ಳಿಯ ಅವನ ಮನೆಗೆ ಬಂದು ಉಳಿಯುವುದು ಎಂದಾಗಿದೆ. ಅವನ ಹೆಂಡತಿ ಮುದ್ದೆ, ಹುರುಳಿಕಾಳಿನ ಸಾರು ಮಾಡುತ್ತಾರಂತೆ. ಆ ಊಟದ ಖರ್ಚು ಡಬ್ಬಿಗೇ ಬರಬೇಕು ಎಂದು ನಾನು, ‘ಮನೇಗೆ ಬಂದೋರ ಊಟಕ್ಕೆ ಲೆಕ್ಕ ಬರೀತೀಯೇನೋ?’ ಎಂದು ಅವನು. ಮಾತು ಇನ್ನೂ ನಡೆಯುತ್ತಿದೆ.