ಎಂಜಿನ್ ಬಿಚ್ಚುವ ಮೊದಲು ಪಂಪು ನೋಡು

ತಮ್ಮಾ, ಬೆಳಗಾವಿಯ ಶಿವಬಸವ ನಗರದ ರೂಮಿನಲ್ಲಿ ನಿಮ್ಮ ಗುಂಪು ಜೆಟ್ ಬೋಟ್ ಕಟ್ಟಲು ಹೊರಟ ಸುದ್ದಿ ನಿಮ್ಮಪ್ಪ ಹೇಳಿದ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ, ಘಟಪ್ರಭೆ, ಕೃಷ್ಣೆ ಮೂರೂ ಒಟ್ಟಿಗೆ ಉಕ್ಕಿದಾಗ ನೀವಿನ್ನೂ ಸಾಲಿ ಹುಡುಗರು. ಆ ನೀರು ನೆನಪಿಟ್ಟುಕೊಂಡು, ಹೊಲದ ಮೇಲೆ ಮೊಣಕಾಲುದ್ದ ನಿಂತ ನೀರಿನಲ್ಲೂ ಓಡುವ ದೋಣಿ ಬೇಕೆಂದು ಯೋಚಿಸಿದ್ದು ನನಗೆ ಹಿಡಿಸಿತು. ಗುಜರಿಯಿಂದ ಹಳೆಯ ಓಮ್ನಿಯ 796 ಸಿಸಿ ಎಂಜಿನ್ ತಂದಿದ್ದೀರಂತೆ, ಅದೂ ಸರಿ. ಈಗ ನಿನ್ನ ಪ್ರಶ್ನೆ: "ಕಾಕಾ, ನಡುವಿನ ಆರ್‌ಪಿಎಂನ್ಯಾಗ ಟಾರ್ಕ್ ಸಾಲವಲ್ದು. ಹೆಡ್ ಇಳಸೋಣೇನು, ಕ್ಯಾಮ್ ಬದಲಿ ಮಾಡೋಣೇನು?" ಉದ್ಯಮಬಾಗದಲ್ಲಿ ಬೋರಿಂಗ್, ಹೆಡ್ ಫೇಸಿಂಗ್ ಮಾಡುತ್ತಲೇ ಮುದುಕನಾದವನು ನಾನು. ಹೆಡ್ ಇಳಿಸಿದರೆ ನನ್ನಂಥವರಿಗೇ ನಾಲ್ಕು ಕಾಸು. ಆದರೂ ಹೇಳುತ್ತೇನೆ, ಸದ್ಯ ಪಾನಾ ಕೆಳಗಿಡು.

ರಸ್ತೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಜಾಂಬೋಟಿ ದಾಟಿ ಚೋರ್ಲಾ ಘಾಟಿನಲ್ಲಿ ಗಾಡಿಯ ವೇಗ ಕುಸಿದರೂ ಏರು ಕಡಿಮೆಯಾಗುವುದಿಲ್ಲ, ಮೇಲಿನ ಹೇರೂ ಇಳಿಯುವುದಿಲ್ಲ. ಅಲ್ಲಿ ನಡುವಿನ ಟಾರ್ಕ್ ಇದ್ದವನೇ ಗೆದ್ದ. ಜೆಟ್ ಬೋಟಿನಲ್ಲಿ ಎಂಜಿನ್ ತಿರುಗಿಸುವುದು ಚಕ್ರವನ್ನಲ್ಲ, ಪಂಪನ್ನು. ಖಾನಾಪುರದ ಕಡೆ ಹೊಳೆದಂಡೆಯಲ್ಲಿ ಡೀಸೆಲ್ ಪಂಪ್‌ಸೆಟ್ ಓಡಿಸುವ ಯಾವ ರೈತನನ್ನಾದರೂ ಕೇಳು. ರೇಸ್ ಅರ್ಧಕ್ಕೆ ಇಳಿಸಿದರೆ ನೀರು ಮೇಲೆ ಹತ್ತುವುದೇ ಇಲ್ಲ, ಎಂಜಿನ್ ಮಾತ್ರ ಹಗುರಾಗಿ ಓಡುತ್ತಿರುತ್ತದೆ. ಕಾರಣ ನಿಮ್ಮ ಪುಸ್ತಕದಲ್ಲೇ ಇದೆ: ಪಂಪಿನ ಸುತ್ತು ಅರ್ಧವಾದರೆ ಅದು ಕೇಳುವ ಟಾರ್ಕ್ ನಾಲ್ಕರಲ್ಲಿ ಒಂದು ಪಾಲು, ಶಕ್ತಿ ಎಂಟರಲ್ಲಿ ಒಂದು ಪಾಲು.

ಇದನ್ನು ನಿಮ್ಮ ಓಮ್ನಿಗೆ ಹಾಕಿ ನೋಡು. 5000 ಆರ್‌ಪಿಎಂನಲ್ಲಿ ಅದು ಕೊಡುವುದು 35 ಅಶ್ವಶಕ್ತಿಯ ಆಸುಪಾಸು. ಅಷ್ಟನ್ನೂ ನುಂಗುವ ಇಂಪೆಲ್ಲರ್ ಕೂಡಿಸಿದೆಯೆಂದುಕೋ. 2500ರಲ್ಲಿ ಆ ಪಂಪು ಕೇಳುವುದು ನಾಲ್ಕೂವರೆ ಅಶ್ವಶಕ್ತಿಗಿಂತ ಕಡಿಮೆ, ಎಂಜಿನ್ ಕೊಡಬಲ್ಲದ್ದು ಹೆಚ್ಚುಕಡಿಮೆ 20. ನೀನು ಸಾಲದು ಎನ್ನುವ ಜಾಗದಲ್ಲೇ ಬೇಕಾದ್ದರ ನಾಲ್ಕು ಪಟ್ಟು ಬಿದ್ದುಕೊಂಡಿದೆ! ಪೂರ್ತಿ ಥ್ರಾಟಲ್ ಕೊಟ್ಟರೆ ಎಂಜಿನ್ ನಡುವಿನಲ್ಲಿ ನಿಲ್ಲುವುದಿಲ್ಲ, ಪಂಪಿನ ಬೇಡಿಕೆಯೂ ತನ್ನ ಶಕ್ತಿಯೂ ಸಮವಾಗುವ ಸುತ್ತಿಗೆ ನೇರ ಹೋಗುತ್ತದೆ. ದೋಣಿ ನಿಂತಿರಲಿ, ಓಡುತ್ತಿರಲಿ, ಆ ಸುತ್ತು ಹೆಚ್ಚು ಬದಲಾಗುವುದಿಲ್ಲ. ಪಂಖದ ದೋಣಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ನೂರಕ್ಕೆ ಹತ್ತರಷ್ಟು ಶಕ್ತಿ ಏರಿಸಿದೆಯೆಂದರೂ ಸುತ್ತು ಏರುವುದು ಮೂರು ಪಾಲು ಮಾತ್ರ. ಇದರ ಸಲುವಾಗಿ ಹೆಡ್ ಇಳಿಸಬೇಕೇ?

ಇಷ್ಟಾದರೂ ದೋಣಿ ನೀರಿನ ಮೇಲೆದ್ದು ಓಡದಿದ್ದರೆ ದೋಷ ಎಲ್ಲಿ? ಮೊದಲು ಮೂತಿ ಮೇಲೆತ್ತಿ, ಹಿಂಬದಿ ಕುಸಿದು ನಡೆಯುತ್ತದೆಯೇ ನೋಡು. ಹಾಗಿದ್ದರೆ ಬ್ಯಾಟರಿ, ಪೆಟ್ರೋಲ್ ಟಾಕಿ, ಕೂತವರು ಎಲ್ಲರನ್ನೂ ಮುಂದೆ ಸರಿಸು. 35 ಅಶ್ವಶಕ್ತಿಯ ಮೇಲೆ ಆರು ಜನ ಕೂತರೆ ಯಾವ ಕ್ಯಾಮ್ ಕೂಡ ಕಾಪಾಡುವುದಿಲ್ಲ. ಆಮೇಲೆ ನೀರು ಒಳಗೆ ಬರುವ ಬಾಯಿ. ಅಲ್ಲಿ ಗಾಳಿ ಹೊಕ್ಕರೆ ಎಂಜಿನ್ ಒಮ್ಮೆಲೇ ಕಿರುಚುತ್ತದೆ, ನೂಕು ಸಿಗುವುದಿಲ್ಲ. ಜಾಲರಿಗೆ ಹುಲ್ಲು, ಕಬ್ಬಿನ ರವದಿ ಅಂಟಿಕೊಂಡರೂ ಅದೇ ಪಾಡು. ಮಹಾಪೂರದ ನೀರಿನಲ್ಲಿ ರವದಿ ತೇಲದ ಜಾಗ ನಮ್ಮ ಜಿಲ್ಲೆಯಲ್ಲಿ ಎಲ್ಲಿದೆ? ದೋಣಿಯಲ್ಲೇ ಕೂತು ಕೈಹಾಕಿ ಜಾಲರಿ ತೆಗೆಯುವಂಥ ಮುಚ್ಚಳ ಇಡದಿದ್ದರೆ ನಿಮ್ಮ ದೋಣಿ ಪ್ರದರ್ಶನಕ್ಕೆ ಸರಿ, ಪೂರಕ್ಕಲ್ಲ. ಮುಚ್ಚಳ ತೆಗೆಯುವ ಮೊದಲು ಎಂಜಿನ್ ಬಂದ್ ಇರಬೇಕು, ಕೀಲಿ ನಿನ್ನ ಕಿಸೆಯಲ್ಲಿರಬೇಕು. ಕಡೆಗೆ ಇಂಪೆಲ್ಲರಿನ ಅಂಚಿಗೂ ಸುತ್ತಲಿನ ರಿಂಗಿಗೂ ನಡುವಿನ ಸಂದು. ಉಸುಕು ಅದನ್ನು ತಿಂದುಬಿಟ್ಟಿದ್ದರೆ ಒತ್ತಿದ ನೀರು ಅಲ್ಲಿಂದಲೇ ಹಿಂದೆ ನುಸುಳುತ್ತದೆ.

ತೆಳು ನೀರಿಗೆ ಜೆಟ್ ಬೋಟ್ ಎಂಬ ನಿಮ್ಮ ಯೋಚನೆ ಹೊಸದೇನಲ್ಲ. ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಈ ದೋಣಿ ಮಾಡಿದ್ದು ತಮ್ಮ ಸೀಮೆಯ ಕಲ್ಲು ತುಂಬಿದ ತೆಳು ಹೊಳೆಗಳಿಗಾಗಿ. ನೀರು ಚಿಮ್ಮುವ ಮೂತಿಯನ್ನು ದೋಣಿಯ ಅಡಿಯಿಂದ ಎತ್ತಿ, ಹಿಂಬದಿಯಲ್ಲಿ ನೀರಿನ ಮಟ್ಟಕ್ಕಿಂತ ತುಸು ಮೇಲೆ ಇಟ್ಟಾಗ ಅದರ ಓಟ ಜಿಗಿಯಿತು. 1977ರಲ್ಲಿ ಎಡ್ಮಂಡ್ ಹಿಲರಿ ಅಂಥ ಮೂರು ಜೆಟ್ ಬೋಟುಗಳನ್ನು ತಂದು, ಗಂಗೆಯನ್ನು ಸಮುದ್ರದ ಕಡೆಯಿಂದ ಎದುರೇರಿ ನಂದಪ್ರಯಾಗದ ಹತ್ತಿರದವರೆಗೆ ಹೋದರು. ಅಲ್ಲಿ ತಡೆದದ್ದು ಜಲಪಾತ.

ನಿಮಗೆ ಇರುವ ಅನುಕೂಲ ಬೇರೆ ಊರಿನ ಹುಡುಗರಿಗಿಲ್ಲ. ಬೆಳಗಾವಿ ಫೌಂಡ್ರಿಗಳ ಊರು. ಹೆಡ್ ಇಳಿಸುವ ದುಡ್ಡಿನಲ್ಲಿ ಒಂದು ಪ್ಯಾಟರ್ನ್ ಮಾಡಿಸು. ಅಲಗಿನ ಓರೆ ಸ್ವಲ್ಪ ಸ್ವಲ್ಪ ಬದಲಿಸಿ ಗನ್‌ಮೆಟಲ್‌ನಲ್ಲಿ ಮೂರು ಇಂಪೆಲ್ಲರ್ ಎರೆಸು. ಮಷೀನ್ ಮಾಡಿ ಬ್ಯಾಲೆನ್ಸ್ ಮಾಡಿಸದೆ ಶಾಫ್ಟಿಗೆ ಏರಿಸಬೇಡ. ಪೂರ್ತಿ ಥ್ರಾಟಲಿನಲ್ಲಿ ಆರ್‌ಪಿಎಂ 3800ರಲ್ಲೇ ಸಿಕ್ಕಿಬಿದ್ದರೆ ಓರೆ ಹೆಚ್ಚಾಯಿತು, ಇಲ್ಲವೇ ಎಂಜಿನ್ನಿಗೇ ಜಡ್ಡು. 5000 ದಾಟಿ ಓಡಿದರೆ ಓರೆ ಸಾಲದು, ಇಲ್ಲವೇ ಗಾಳಿ ಹೊಕ್ಕಿದೆ. ಹೆಚ್ಚು ಓರೆಯದನ್ನು ಬೇಕೆಂದೇ ಹಾಕಿ, ಸಮವಾಗುವ ಸುತ್ತನ್ನೇ ಕೆಳಗೆ ಎಳೆದೆಯೋ, ಆಗ ಮಾತ್ರ ನಡುವಿನ ಟಾರ್ಕಿಗೆ ಬೆಲೆ. ಗದ್ದಲ ಕಡಿಮೆ, ಎಂಜಿನ್ನಿನ ಆಯುಷ್ಯ ಜಾಸ್ತಿ. ಪೂರದ ಕೆಲಸಕ್ಕೆ ನನಗೂ ಅದೇ ಇಷ್ಟ.

ಆ ದಾರಿ ಹಿಡಿದರೆ ಎಂಜಿನ್ನಿಗೆ ಕೈಹಾಕು, ಆದರೆ ಅಗ್ಗದ ಕೆಲಸದಿಂದ ಶುರುಮಾಡು. ಕಂಪ್ರೆಷನ್ ಅಳೆ, ಟ್ಯಾಪೆಟ್ ಸಂದು ನೋಡು, ಟೈಮಿಂಗ್ ಕೂಡಿಸು. ನಮ್ಮೂರು ಸಮುದ್ರಮಟ್ಟದಿಂದ 750 ಮೀಟರಿಗೂ ಮೇಲಿದೆ, ಗಾಳಿ ತೆಳುವಾಗಿ ನೂರಕ್ಕೆ ಏಳೆಂಟು ಪಾಲು ಶಕ್ತಿ ಮೊದಲೇ ಹೋಗಿರುತ್ತದೆ. ಅದನ್ನು ಎಂಜಿನ್ನಿನ ದೋಷವೆಂದು ತಿಳಿಯಬೇಡ. ನಂತರ ಇನ್‌ಟೇಕ್ ಕೊಳವೆ: ಉದ್ದ, ತುಸು ಸಣ್ಣ ಬಾಯಿಯದು ನಡುವಿನ ಸುತ್ತಿನಲ್ಲಿ ಗಾಳಿಯನ್ನು ವೇಗದಿಂದ ನೂಕಿ ಸಿಲಿಂಡರ್ ತುಂಬಿಸುತ್ತದೆ, ಮೇಲಿನ ಸುತ್ತಿನಲ್ಲಿ ಉಸಿರು ಕಟ್ಟಿಸುತ್ತದೆ. ಈಗಿರುವ ಕ್ಯಾಮನ್ನೇ ಎರಡು-ನಾಲ್ಕು ಡಿಗ್ರಿ ಮುಂದಿಟ್ಟರೂ ಹೆಚ್ಚಿನ ಟಾರ್ಕ್ ಕೆಳಗಿನ ಸುತ್ತಿನಲ್ಲೇ ಸಿಗುತ್ತದೆ. ರೇಸಿನ ಕ್ಯಾಮ್ ಮಾತ್ರ ತರಲೇಬೇಡ. ಅದರಲ್ಲಿ ಎರಡೂ ವಾಲ್ವು ಒಟ್ಟಿಗೆ ತೆರೆದಿರುವ ಹೊತ್ತು ಹೆಚ್ಚು. ಸೈಲೆನ್ಸರಿಗೆ ತಂಪಿಗೆಂದು ನೀರು ಬಿಡುವ ದೋಣಿಯಲ್ಲಿ ಆ ನೀರೇ ಹಿಂದಕ್ಕೆ ಎಳೆದುಕೊಂಡು ಸಿಲಿಂಡರಿಗೆ ಬರುತ್ತದೆ. ಹೆಡ್ ಇಳಿಸಿ ಕಂಪ್ರೆಷನ್ ಎಂಟೂವರೆಯಿಂದ ಒಂಬತ್ತೂವರೆಗೆ ಏರಿಸಿದರೆ ನೂರಕ್ಕೆ ಮೂರು-ನಾಲ್ಕು ಪಾಲು ಸಿಕ್ಕೀತು. ದೋಣಿಗೆ ಇಳಿಜಾರು ಎಂಬುದೇ ಇಲ್ಲ, ಎಂಜಿನ್ ಸದಾ ಹೇರು ಹೊತ್ತೇ ಓಡಬೇಕು. ಸಾದಾ ಪೆಟ್ರೋಲಿನಲ್ಲಿ ನಾಕಿಂಗ್ ಹತ್ತಿದರೆ ಪಿಸ್ಟನ್ ಬಹಳ ದಿನ ಉಳಿಯದು.

ಬದಲಾವಣೆ ಒಂದೊಂದೇ ಮಾಡು, ಪ್ರತಿಸಲ ಅಳೆ. ದೋಣಿಯನ್ನು ದಂಡೆಯ ಮರಕ್ಕೆ ಹಗ್ಗದಿಂದ ಕಟ್ಟಿ, ನಡುವೆ ತೂಕದ ಸ್ಪ್ರಿಂಗ್ ಕಾಟಾ ಸಿಕ್ಕಿಸಿ, ಆರ್‌ಪಿಎಂ ಎಷ್ಟು, ಎಷ್ಟು ಕಿಲೋ ಜಗ್ಗಿತು ಎರಡನ್ನೂ ಬರೆ. ಕುಡಿಯುವ ನೀರಿನ ರಾಕಸಕೊಪ್ಪ ಜಲಾಶಯದಲ್ಲಿ ಮಾತ್ರ ಇದೆಲ್ಲ ಬೇಡ. ಯಾವ ಕೆರೆಯಾದರೂ ಊರವರ ಒಪ್ಪಿಗೆ ತೆಗೆದುಕೊಂಡು ಇಳಿ, ಲೈಫ್ ಜಾಕೆಟ್ ಹಾಕದವನನ್ನು ಹತ್ತಿಸಬೇಡ.

ಹಗ್ಗ ಬಿಚ್ಚುವ ದಿನ ಓಡಿಸುವವನಿಗೆ ಒಂದು ಸಂಗತಿ ಬಾಯಿಪಾಠ ಮಾಡಿಸು. ಜೆಟ್ ಬೋಟಿಗೆ ಚುಕ್ಕಾಣಿಯ ಹಲಗೆ ಇಲ್ಲ, ಚಿಮ್ಮುವ ನೀರೇ ಅದನ್ನು ತಿರುಗಿಸುವುದು. ಎದುರಿಗೆ ಕಂಬ ಬಂತೆಂದು ಹೆದರಿ ಥ್ರಾಟಲ್ ಬಿಟ್ಟರೆ ಹ್ಯಾಂಡಲ್ ಎಷ್ಟು ತಿರುವಿದರೂ ದೋಣಿ ನೆಟ್ಟಗೆ ಕಂಬಕ್ಕೇ ಹೋಗುತ್ತದೆ. ತಿರುಗಬೇಕಾದಾಗ ರೇಸ್ ಕೊಟ್ಟೇ ತಿರುಗಬೇಕು. ಖಾಲಿ ನೀರಿನಲ್ಲಿ ಕೈಗೆ ಅದು ರೂಢಿಯಾಗುವವರೆಗೆ ಇನ್ನೊಬ್ಬರನ್ನು ಕೂಡಿಸಿಕೊಳ್ಳಬೇಡಿ.