ನಾಣ್ಯದ ಮೇಲಿನ ಜೋಡಿ ಅಕ್ಷರ

ಕಳೆದ ವರ್ಷ ನಮ್ಮ ವಿದ್ಯಾರ್ಥಿಯೊಬ್ಬನು 500 ರೂಪಾಯಿ ತೆತ್ತು ಒಂದು ರೂಪಾಯಿಯ ನಾಣ್ಯವನ್ನು ಕೊಂಡು ತಂದನು. ಅದರ ಇಸವಿಯ ಅಂಕಿಗಳ ಪಕ್ಕದಲ್ಲಿ ನೆರಳಿನಂತೆ ಇನ್ನೊಂದು ಸಾಲು ಅಂಕಿಗಳು ಕಾಣುತ್ತಿದ್ದುವು. ಅಮೆರಿಕದ 1955ರ ಪ್ರಸಿದ್ಧ ಸೆಂಟ್ ನಾಣ್ಯದಂತೆ ಇದೂ ಅಚ್ಚಿನಲ್ಲಿಯೇ ಜೋಡಿಯಾದುದೆಂದು ಮಾರಿದವನು ಹೇಳಿದ್ದನಂತೆ. ಈ ಮಾತನ್ನು ಪರೀಕ್ಷಿಸಬೇಕಾದರೆ ಅಚ್ಚು ಹುಟ್ಟುವ ಬಗೆಯನ್ನು ನಾವು ಮೊದಲು ತಿಳಿಯಬೇಕು.

ನಾಣ್ಯದಲ್ಲಿ ಉಬ್ಬಿರುವ ಚಿತ್ರವು ಅಚ್ಚಿನಲ್ಲಿ ತಗ್ಗಾಗಿರುವುದಷ್ಟೆ. ಈ ತಗ್ಗನ್ನು ಪ್ರತಿಯೊಂದು ಅಚ್ಚಿನಲ್ಲಿಯೂ ಕೈಯಿಂದ ಕೊರೆಯುವುದಿಲ್ಲ. ಚಿತ್ರವು ಉಬ್ಬಿರುವ ಗಡುಸು ಉಕ್ಕಿನ ಇನ್ನೊಂದು ಅಚ್ಚನ್ನು (ಅದನ್ನು ಉಬ್ಬಚ್ಚು ಎನ್ನೋಣ) ಮೆದು ಉಕ್ಕಿನ ತುಂಡಿನೊಳಕ್ಕೆ ಒತ್ತಿ ಪಡೆಯುವರು. ಒತ್ತಿದಂತೆಲ್ಲ ತುಂಡಿನ ಉಕ್ಕು ಗಡುಸಾಗುವುದರಿಂದ, ಆ ಕಾಲದಲ್ಲಿ ಒಂದೇ ಒತ್ತಿಗೆ ಚಿತ್ರವು ಪೂರ್ಣವಾಗಿ ಮೂಡುತ್ತಿರಲಿಲ್ಲ. ತುಂಡನ್ನು ಕುಲುಮೆಯಲ್ಲಿ ಕಾಯಿಸಿ ಮೆದುಮಾಡಿ, ಉಬ್ಬಚ್ಚನ್ನು ಮೊದಲಿದ್ದ ಜಾಗದಲ್ಲಿಯೇ ಕೂರಿಸಿ ಮತ್ತೆ ಒತ್ತಬೇಕಾಗುತ್ತಿತ್ತು. ಎರಡನೆಯ ಸಲ ಅದು ಸ್ವಲ್ಪ ತಿರುಗಿ ಕುಳಿತರೂ ಸಾಕು, ಬಿಸಿ ಅರಗಿನ ಮೇಲೆ ಮುದ್ರೆಯನ್ನು ಎರಡು ಸಲ ಒತ್ತಿದಂತೆ ಅಚ್ಚಿನಲ್ಲಿ ಎರಡು ಚಿತ್ರಗಳು ನಿಲ್ಲುವುವು.

1955ರಲ್ಲಿ ಫಿಲಡೆಲ್ಫಿಯದ ಟಂಕಸಾಲೆಯಲ್ಲಿ, ಲಿಂಕನ್ನನ ತಲೆಯುಳ್ಳ ಸೆಂಟಿನ ಒಂದು ಅಚ್ಚಿಗೆ ಒದಗಿದ ಗತಿ ಇದೇ. ತಪ್ಪು ಗೊತ್ತಾಗುವ ವೇಳೆಗೆ ಆ ನಾಣ್ಯಗಳು ಒಳ್ಳೆಯ ನಾಣ್ಯಗಳ ರಾಶಿಯಲ್ಲಿ ಬೆರೆತುಹೋಗಿದ್ದುವು. ಸುಮಾರು 20,000 ನಾಣ್ಯಗಳು ಜನರ ಕೈ ಸೇರಿದುವೆಂದು ಅಂದಾಜು. ಅವುಗಳಲ್ಲಿ ಇಸವಿಯೂ ಅಂಚಿನ ಬರಹವೂ ಬರಿಗಣ್ಣಿಗೇ ಎರಡೆರಡಾಗಿ ಕಾಣುವುವು. ಲಿಂಕನ್ನನ ಮುಖದಲ್ಲಿ ಮಾತ್ರ ಜೋಡಿಯು ಕಾಣುವುದೇ ಕಷ್ಟ. ಜ್ಯಾಮಿತಿ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಉಬ್ಬಚ್ಚು ತನ್ನ ಕೇಂದ್ರದ ಸುತ್ತ 1 ಡಿಗ್ರಿ ತಿರುಗಿತೆನ್ನಿ. ಕೇಂದ್ರದಿಂದ 8 ಮಿಲಿಮೀಟರು ದೂರದ ಬಿಂದು ಸುಮಾರು 0.14 ಮಿಲಿಮೀಟರು ಸರಿಯುವುದು. 2 ಮಿಲಿಮೀಟರು ದೂರದ್ದು ಸರಿಯುವುದು 0.035 ಮಿಲಿಮೀಟರು ಮಾತ್ರ.

ಅಚ್ಚು ನಿರ್ದೋಷವಾಗಿದ್ದರೂ ಜೋಡಿ ಕಾಣಿಸಿಕೊಳ್ಳುವುದುಂಟು. ಯಂತ್ರದಲ್ಲಿ ಅಚ್ಚು ಸಡಿಲವಾಗಿದ್ದರೆ, ಬಿಲ್ಲೆಯ ಮೇಲೆ ಪೆಟ್ಟು ಬಿದ್ದೊಡನೆ ಅದು ಅದುರಿ ಪಕ್ಕಕ್ಕೆ ಜರುಗಿ, ಆಗತಾನೆ ಮೂಡಿದ ಅಕ್ಷರದ ಅಂಚನ್ನು ಒರಸಿ ಚಪ್ಪಟೆಮಾಡುವುದು. ಮುಖ್ಯವಾದ ವ್ಯತ್ಯಾಸವಿರುವುದು ಇಲ್ಲಿಯೇ. ಜೋಡಿ ಅಚ್ಚಿನಲ್ಲಿ ಲೋಹವು ತುಂಬಿಕೊಳ್ಳಲು ಹೆಚ್ಚಿನ ಕುಳಿಯಿದೆ. ಆದುದರಿಂದ ಅಕ್ಷರವು ಅಗಲವಾಗುವುದು, ಎರಡನೆಯ ರೂಪವೂ ಮೊದಲನೆಯದರಂತೆ ದುಂಡಗೆ ಉಬ್ಬಿರುವುದು, ಅಕ್ಷರದ ತುದಿಗಳು ಕವಲೊಡೆದಿರುವುವು. ಅದುರಿದ ಅಚ್ಚಾದರೋ ಹೊಸದೇನನ್ನೂ ಕೊಡುವುದಿಲ್ಲ. ಇದ್ದ ಅಕ್ಷರದಿಂದಲೇ ಲೋಹವನ್ನು ಕದ್ದು, ಪಕ್ಕದಲ್ಲಿ ತಗ್ಗಾದ ಮೆಟ್ಟಿಲೊಂದನ್ನು ಮಾಡುವುದು. ಉಳಿದ ಅಕ್ಷರವು ಬಡಕಲಾಗುವುದು. ಪೆಟ್ಟಿನಿಂದ ಪೆಟ್ಟಿಗೆ ಅದುರು ಬೇರೆಯಾಗಬಹುದಾದುದರಿಂದ ಈ ಮೆಟ್ಟಿಲೂ ಎಲ್ಲ ನಾಣ್ಯಗಳಲ್ಲಿ ಒಂದೇ ತೆರನಾಗಿರುವುದಿಲ್ಲ. ಜೋಡಿ ಅಚ್ಚಿನ ಮಕ್ಕಳಾದರೋ ಎಲ್ಲವೂ ಒಂದೇ ರೂಪು.

ಸವೆದ ಅಚ್ಚೂ ಒಮ್ಮೊಮ್ಮೆ ಮೋಸಗೊಳಿಸುವುದು. 1955ರ ಇನ್ನು ಕೆಲವು ಸೆಂಟುಗಳಲ್ಲಿ ಕೊನೆಯ 5ರ ಅಂಕಿಯು ಜೋಡಿಯಾದಂತೆ ತೋರುವುದು ಈ ಸವೆತದಿಂದಲೇ. ಸಂಗ್ರಾಹಕರು ಅವನ್ನು ‘ಬಡವನ ಜೋಡಿ ಅಚ್ಚು’ ಎಂದು ತಮಾಷೆಗೆ ಕರೆಯುವರು. ಬೆಲೆಯೂ ಹೆಸರಿಗೆ ತಕ್ಕಂತೆಯೇ.

ನಮ್ಮ ವಿದ್ಯಾರ್ಥಿಯ ನಾಣ್ಯದ ಪಕ್ಕದಲ್ಲಿ ಅದೇ ಇಸವಿಯ, ಅದೇ ಮಾದರಿಯ ಸಾಧಾರಣ ನಾಣ್ಯವೊಂದನ್ನಿಟ್ಟು, ಹತ್ತು ಪಟ್ಟು ಹಿಗ್ಗಿಸುವ ಮಸೂರದಿಂದ ನೋಡಿದೆವು. ‘ನೆರಳು’ ಚಪ್ಪಟೆಯಾಗಿ ಹೊಳೆಯುತ್ತಿತ್ತು. ಅದರ ಪಕ್ಕದ ಅಂಕಿಗಳು ಸಾಧಾರಣ ನಾಣ್ಯದ ಅಂಕಿಗಳಿಗಿಂತ ತೆಳ್ಳಗಿದ್ದುವು. ಹುಡುಗನು ಬಹಳ ಹೊತ್ತು ಮಸೂರವನ್ನು ಕಣ್ಣಿನಿಂದ ತೆಗೆಯಲಿಲ್ಲ. “ಮೆಟ್ಟಿಲೇ, ಸಾರ್” ಎಂದು ಕೊನೆಗೆ ತಾನೇ ಹೇಳಿದನು.